ತಿದ್ದಿದ ಫೋಟೊದೊಳಗಿನ ಹೆಣ್ಣು

ಫೋಟೊಶಾಪ್ ಇನ್ನೂ ಅಂಗಡಿಗೆ ಬರುವ ಮೊದಲೇ ಅದರ ಕೈಚಳಕ ತೋರಿಸಲು ಬಳಕೆಯಾದದ್ದು ಒಬ್ಬ ಹೆಂಗಸಿನ ಬೆನ್ನಿನ ಫೋಟೊ. 1987ರಲ್ಲಿ ಜಾನ್ ನೋಲ್ ಎಂಬಾತ ತನ್ನ ಗೆಳತಿ ಜೆನಿಫರ್ ಬೋರಾ ಬೋರಾದ ಕಡಲತೀರದಲ್ಲಿ ಎದುರಿನ ಇನ್ನೊಂದು ದ್ವೀಪದತ್ತ ಮುಖ ಮಾಡಿ ಕೂತಿದ್ದಾಗ ಹಿಂದಿನಿಂದ ತೆಗೆದ ಚಿತ್ರ ಅದು. ಅಣ್ಣ ಥಾಮಸ್ ಜೊತೆ ಸೇರಿ ರೂಪಿಸುತ್ತಿದ್ದ ತಂತ್ರಾಂಶವನ್ನು ಕಂಪನಿಗಳಿಗೆ ತೋರಿಸಲು ಹೋದಾಗ ಆತ ಈ ಚಿತ್ರವನ್ನು ತೆರೆಯುತ್ತಿದ್ದ. ಒಬ್ಬ ಜೆನಿಫರಳನ್ನು ಇಬ್ಬರಾಗಿಸಿ, ದ್ವೀಪಕ್ಕೊಂದು ಜೋಡಿ ದ್ವೀಪ ಹುಟ್ಟಿಸಿ ನೋಡುವವರನ್ನು ಬೆರಗುಗೊಳಿಸುತ್ತಿದ್ದ. 1990ರ ಫೆಬ್ರವರಿಯಲ್ಲಿ ಅಡೋಬಿ ಕಂಪನಿ ಆ ತಂತ್ರಾಂಶವನ್ನು ಮಾರುಕಟ್ಟೆಗೆ ತಂದಿತು.

ಅದಕ್ಕೂ ಹಿಂದಿನ ಕಥೆ ಇನ್ನೊಂದಿದೆ. 1973ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದಕ್ಕೆ ಸ್ಕ್ಯಾನ್ ಮಾಡಲು ನುಣುಪು ಕಾಗದದ ಮೇಲೆ ಅಚ್ಚಾದ, ಮನುಷ್ಯರ ಮುಖವಿರುವ ಚಿತ್ರ ಬೇಕಾಯಿತು. ಯಾರೋ ಹಿಡಿದು ಬಂದಿದ್ದ ಪ್ಲೇಬಾಯ್ ಪತ್ರಿಕೆಯ 1972ರ ನವೆಂಬರ್ ಸಂಚಿಕೆಯ ನಡುಪುಟ ಒದಗಿಬಂತು. ಸ್ವೀಡನ್ನಿನ ರೂಪದರ್ಶಿ ಲೆನಾ ಫೋರ್ಸೆನ್‌ರ ಭುಜದಿಂದ ಮೇಲಿನ ಭಾಗವನ್ನಷ್ಟೇ ಕತ್ತರಿಸಿ 512×512 ಬಿಂದುಗಳ ಚೌಕ ಮಾಡಿಕೊಂಡರು. ಚಿತ್ರವನ್ನು ಕುಗ್ಗಿಸುವ, ಚೂಪಾಗಿಸುವ, ಕಲೆ ಅಳಿಸುವ ಲೆಕ್ಕಾಚಾರಗಳು ದಶಕಗಳ ಕಾಲ ಆ ಮುಖದ ಮೇಲೆಯೇ ಪರೀಕ್ಷೆಗೊಳಗಾದವು. ತನ್ನ ಪ್ರಕಟಣೆಗಳಿಗೆ ಇನ್ನು ಆ ಚಿತ್ರ ಬೇಡವೆಂದು ಐಇಇಇ ಕಂಪ್ಯೂಟರ್ ಸೊಸೈಟಿ ನಿಲ್ಲಿಸಿದ್ದು 2024ರ ಏಪ್ರಿಲ್ 1ರಿಂದ. ಅಂದರೆ ಮೊನ್ನೆ ಮೊನ್ನೆ.

ಹೀಗೆ ಹೆಣ್ಣಿನ ಮೈಮುಖಗಳ ಮೇಲೆ ಕೈ ಪಳಗಿಸಿಕೊಂಡ ಸಲಕರಣೆಯನ್ನೇ ಹಿಡಿದು ಹೆಣ್ತನದ ಒಳಗನ್ನು ಹುಡುಕಲು ಹೊರಟ ಕಲೆಯೊಂದು ಈಗ ದೊಡ್ಡದಾಗಿ ಬೆಳೆದಿದೆ. ಫೋಟೊ ತೆಗೆಯುವುದು, ಅಥವಾ ಹಳೆಯ ಫೋಟೊ ಎತ್ತಿಕೊಳ್ಳುವುದು. ಅದನ್ನು ಕಂಪ್ಯೂಟರಿನಲ್ಲಿ ಪದರ ಪದರವಾಗಿ ಬಿಡಿಸಿ, ಬೇರೆ ಚಿತ್ರ ಬೆರೆಸಿ, ಬಣ್ಣ ಬದಲಿಸಿ ಹೊಸದೊಂದು ಕೃತಿ ಮಾಡುವುದು. ಇದರ ಮಾದರಿ ನೀವೆಲ್ಲ ನೋಡಿರುತ್ತೀರಿ. ಕೂದಲು ಮರದ ಕೊಂಬೆಯಾಗಿ ಹರಡಿರುತ್ತದೆ. ಎದೆಯ ಜಾಗದಲ್ಲಿ ಪಂಜರ, ಅದರಿಂದ ಹಾರಿಹೋಗುವ ಹಕ್ಕಿಗಳು. ಅರ್ಧ ಮುಖ ಕರಗಿ ಗುಲಾಬಿಯಾಗಿರುತ್ತದೆ, ಕಣ್ಣಿನ ಮೇಲೆ ಚಿಟ್ಟೆ ಕೂತಿರುತ್ತದೆ. ಕೆಳಗೆ 'ಅಂತರಂಗ' ಅಂತಲೋ 'ನನ್ನೊಳಗಿನ ಕಾಡು' ಅಂತಲೋ ಶೀರ್ಷಿಕೆ. ಇಂಥವುಗಳಲ್ಲಿ ಬಹುಪಾಲು ನನಗೆ ರುಚಿಸುವುದಿಲ್ಲ. ಚೆಂದ ಇಲ್ಲವೆಂದಲ್ಲ, ಬೇಕಾದ್ದಕ್ಕಿಂತ ಹೆಚ್ಚೇ ಚೆಂದ ಇರುತ್ತವೆ. ಆದರೆ ಹತ್ತು ಚಿತ್ರ ನೋಡಿದ ಮೇಲೆ ಆ ಹತ್ತೂ ಹೆಂಗಸರ ಅಂತರಂಗ ಒಂದೇ ಆಗಿಬಿಟ್ಟಿರುತ್ತದೆ: ಹೂವು, ಹಕ್ಕಿ, ಚಂದ್ರ, ನೀರು. ಹೆಣ್ಣೆಂದರೆ ಪ್ರಕೃತಿ ಎಂದು ಗಂಡಸರು ಶತಮಾನಗಳ ಕಾಲ ಬರೆದದ್ದನ್ನೇ ಹೊಸ ತಂತ್ರಾಂಶದಲ್ಲಿ ಮತ್ತೊಮ್ಮೆ ಬರೆದಂತಾಗುತ್ತದೆ. ಅಷ್ಟಕ್ಕೂ ಒಳಗಿರುವುದಕ್ಕೆ ಹೆಣ್ಣು ಗಂಡೆಂಬುದು ಉಂಟೇ ಎಂಬ ತಕರಾರನ್ನು ನಮ್ಮ ಜೇಡರ ದಾಸಿಮಯ್ಯ ಎತ್ತಿ ಸಾವಿರ ವರ್ಷ ಆಗುತ್ತ ಬಂತು. ಈ ಕಲೆ ಆ ತಕರಾರಿನ ಹತ್ತಿರಕ್ಕೂ ಹೋಗುವುದು ಅಪರೂಪ.

ಹಾಗಂತ ಇಡೀ ಪ್ರಯತ್ನವೇ ಹುಸಿಯಲ್ಲ. ಈ ದಾರಿಯಲ್ಲಿ ನಿಜವಾಗಿ ಗಟ್ಟಿಯಾದ ಕೆಲಸ ಮಾಡಿದವರಿದ್ದಾರೆ. ಅವರ ಕೃತಿಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಲಕ್ಷಣ ಎದ್ದು ಕಾಣುತ್ತದೆ. ಎಷ್ಟೇ ತಿದ್ದಿದರೂ ಮೂಲ ಫೋಟೊವನ್ನು ಅವರು ಪೂರ್ತಿ ಸೋಲಿಸುವುದಿಲ್ಲ. ಯಾವುದೋ ಊರಿನ, ಯಾವುದೋ ಬೆಳಕಿನ, ಬೆನ್ನು ನೋಯುವಷ್ಟು ಹೊತ್ತು ಕೂತ ಒಬ್ಬಳ ಫೋಟೊ ಅಲ್ಲಿ ತಿದ್ದುವ ಕೈಗೆ ಎದುರಾಡುತ್ತಲೇ ಇರುತ್ತದೆ.

ಹೆಣ್ಣಿನ ಫೋಟೊ ತಿದ್ದುವುದು ಕಂಪ್ಯೂಟರಿಗಿಂತ ಬಹಳ ಮೊದಲೇ ಶುರುವಾಯಿತು. ಕಾಸ್ಟಿಗ್ಲಿಯೋನೆಯ ಕೌಂಟೆಸ್ ವರ್ಜೀನಿಯಾ ಓಲ್ಡೋಯಿನಿ ಇಟಲಿಯವಳು, ಮೂರನೇ ನೆಪೋಲಿಯನ್ನನ ಪ್ರೇಯಸಿಯಾಗಿ ಪ್ಯಾರಿಸ್ಸಿನಲ್ಲಿ ಹೆಸರು ಮಾಡಿದ್ದವಳು. 1856ರಿಂದ ಆಕೆ ಮೇಯರ್ ಮತ್ತು ಪಿಯರ್ಸನ್ ಸ್ಟುಡಿಯೋಕ್ಕೆ ಹೋಗತೊಡಗಿದಳು. ನಾನೂರಕ್ಕೂ ಹೆಚ್ಚು ಫೋಟೊ ತೆಗೆಸಿಕೊಂಡಳು. ಭಂಗಿ ಆಕೆಯದೇ, ಉಡುಪು ಆಕೆಯದೇ, ಚಿತ್ರಕ್ಕಿಡುವ ಹೆಸರೂ ಆಕೆಯದೇ. ಕ್ಯಾಮೆರಾದ ಹಿಂದೆ ನಿಂತ ಪಿಯರ್ಸನ್ ಹೆಚ್ಚುಕಡಿಮೆ ಹೇಳಿದಂತೆ ಕೇಳುವ ನೌಕರ. ಅಚ್ಚಾಗಿ ಬಂದ ಫೋಟೊಗಳ ಮೇಲೆ ಬಣ್ಣ ಬಳಿಸಿ, ಗೌನಿಗೆ ಇಲ್ಲದ ಅಂಚು ಕೂಡಿಸಿ, ಹಿನ್ನೆಲೆಯನ್ನೇ ಬದಲಿಸಿದ ಪ್ರತಿಗಳಿವೆ. ಅಂಡಾಕಾರದ ಚೌಕಟ್ಟೊಂದನ್ನು ಕಣ್ಣಿಗೆ ಹಿಡಿದು ಅದರೊಳಗಿನಿಂದ ನಮ್ಮನ್ನು ನೋಡುವ ಒಂದು ಚಿತ್ರವಂತೂ ಪ್ರಸಿದ್ಧ. ಇನ್ನೊಂದು ಸಂಗತಿ ನನಗೆ ಹೆಚ್ಚು ಮುಖ್ಯ. 1890ರ ದಶಕದಲ್ಲಿ, ರೂಪ ಮಾಸಿ, ಹೊರಗೆ ಕಾಣಿಸಿಕೊಳ್ಳುವುದನ್ನೇ ಬಿಟ್ಟ ಮೇಲೆ ಆಕೆ ಮತ್ತೆ ಅದೇ ಪಿಯರ್ಸನ್ ಬಳಿ ಹೋಗಿ ತನ್ನ ಮುಪ್ಪಿನ ಫೋಟೊಗಳನ್ನೂ ತೆಗೆಸಿದಳು. ತನ್ನ ಬಗ್ಗೆ ತಾನೇ ಕಟ್ಟಿದ ಕಥೆಯನ್ನು ತಾನೇ ಕೆಡವಿದಂತೆ.

ಆ ದಶಕದಲ್ಲೇ, 1892ರಲ್ಲಿ, ಹೈದರಾಬಾದಿನಲ್ಲಿ ಲಾಲಾ ದೀನ್ ದಯಾಳ್ ಜನಾನಾ ಸ್ಟುಡಿಯೋ ತೆರೆದರು. ಪರದೆಯ ಹೆಂಗಸರಿಗೆಂದೇ ಇದ್ದ ಜಾಗ, ಅದನ್ನು ನಡೆಸಲು ಒಬ್ಬ ಬ್ರಿಟಿಷ್ ಮಹಿಳೆ. ಮಿನಿಯೇಚರ್ ಚಿತ್ರ ಬರೆಯುತ್ತಿದ್ದ ಕಲಾವಿದರು ಫೋಟೊಗಳಿಗೆ ಬಣ್ಣ ತುಂಬುವ ಕೆಲಸಕ್ಕೆ ಇಳಿದಿದ್ದ ಕಾಲವದು. ನೆರಳು ಬಿದ್ದ ಕೆನ್ನೆಯನ್ನು ಚಪ್ಪಟೆ ಬಿಳಿಯಾಗಿಸಿ, ಒಡವೆಗೆ ನಿಜವಾದ ಚಿನ್ನದ ಬಣ್ಣ ಮೆತ್ತಿ, ಕೊನೆಗೆ ಫೋಟೊ ಎಲ್ಲಿ ಮುಗಿಯಿತು ಚಿತ್ರ ಎಲ್ಲಿ ಶುರುವಾಯಿತೆಂದು ತಿಳಿಯದಂತೆ ಮಾಡುತ್ತಿದ್ದರು. ಇವತ್ತಿನ ಫಿಲ್ಟರಿಗೆ ನಮ್ಮಲ್ಲಿ ಅಷ್ಟು ಹಳೆಯ ಪೂರ್ವಜರಿದ್ದಾರೆ.

ಆದರೆ ಫೋಟೊ ಕತ್ತರಿಸಿ ಅಂಟಿಸಿ ಹೆಂಗಸಿನ ಒಳಮನಸ್ಸನ್ನು ನೇರವಾಗಿ ಕೈಗೆತ್ತಿಕೊಂಡ ಮೊದಲ ದೊಡ್ಡ ಉದಾಹರಣೆ ಯಾವುದೆಂದು ಕೇಳಿದರೆ ನಾನು ಅರ್ಜೆಂಟೀನಾಕ್ಕೆ ಕರೆದೊಯ್ಯುತ್ತೇನೆ. ಜರ್ಮನಿಯ ಹ್ಯಾನಾ ಹೋಖ್ ಅಡುಗೆಮನೆಯ ಚಾಕು ಎಂಬ ಹೆಸರನ್ನೇ ಸೇರಿಸಿಕೊಂಡ ಕೊಲಾಜನ್ನು 1919ರಲ್ಲೇ ಮಾಡಿದ್ದಳು ನಿಜ. ಅದರ ಗುರಿ ಹೆಚ್ಚಾಗಿ ಹೊರಗಿನ ರಾಜಕೀಯ. ಗ್ರೆಟೆ ಸ್ಟೆರ್ನ್ ಮಾಡಿದ್ದೇ ಬೇರೆ. ಬೌಹೌಸ್ ಶಾಲೆಯಲ್ಲಿ ವಾಲ್ಟರ್ ಪೀಟರ್‌ಹಾನ್ಸ್ ಬಳಿ ಕಲಿತು, ಬರ್ಲಿನ್ನಿನಲ್ಲಿ ಗೆಳತಿಯೊಡನೆ ಜಾಹೀರಾತು ಸ್ಟುಡಿಯೋ ನಡೆಸಿ, ನಾಜಿಗಳು ಬಂದ ಮೇಲೆ ದೇಶ ಬಿಟ್ಟು ಬ್ಯೂನಸ್ ಐರಿಸ್ ಸೇರಿದವಳು. ಅಲ್ಲಿ 1948ರಲ್ಲಿ 'ಇಡಿಲಿಯೊ' ಎಂಬ ಮಹಿಳಾ ವಾರಪತ್ರಿಕೆ ಹೊರಟಿತು. ಪ್ರೇಮಕಥೆ, ಉಡುಪಿನ ಸಲಹೆ, ಜೊತೆಗೆ ಮನೋವಿಶ್ಲೇಷಣೆಯ ಒಂದು ಅಂಕಣ. ಓದುಗಿತ್ತಿಯರು ತಮ್ಮ ಕನಸುಗಳನ್ನು ಬರೆದು ಕಳಿಸಬೇಕು, ರಿಚರ್ಡ್ ರೆಸ್ಟ್ ಎಂಬ 'ತಜ್ಞ' ಅದರ ಅರ್ಥ ಹೇಳುತ್ತಾನೆ. ಆ ಹೆಸರಿನ ಹಿಂದೆ ಇದ್ದವರು ಇಬ್ಬರು ಗಂಡಸರು, ಅವರಲ್ಲೊಬ್ಬ ಮುಂದೆ ಹೆಸರಾಂತ ಸಮಾಜಶಾಸ್ತ್ರಜ್ಞನಾದ ಜೀನೋ ಜೆರ್ಮಾನಿ. ಕನಸಿಗೆ ಚಿತ್ರ ಮಾಡಿಕೊಡುವ ಕೆಲಸ ಸ್ಟೆರ್ನಳದು. 1951ರವರೆಗೆ ಸುಮಾರು 140 ಚಿತ್ರ ಮಾಡಿದಳು. ಗೆಳತಿಯರು, ನೆರೆಯವರು, ಸ್ವಂತ ಮಗಳು ಎಲ್ಲರನ್ನೂ ಕ್ಯಾಮೆರಾ ಮುಂದೆ ನಿಲ್ಲಿಸಿ, ಕತ್ತರಿ ಅಂಟು ಹಿಡಿದು.

ಒಂದು ಚಿತ್ರ ನೋಡಿ. ಮೇಜಿನ ಮೇಲೊಂದು ದೀಪ. ದೀಪದ ಕಂಬದ ಜಾಗದಲ್ಲಿ ಒಬ್ಬ ಹೆಂಗಸು, ತಲೆಯ ಮೇಲೆ ದೀಪದ ಶೇಡ್ ಹೊತ್ತು ಕುಳಿತಿದ್ದಾಳೆ. ಪಕ್ಕದಿಂದ ಒಂದು ದೊಡ್ಡ ಗಂಡುಗೈ ಗುಂಡಿ ಒತ್ತಲು ಬರುತ್ತಿದೆ. ಹೆಸರು: ಮನೆಬಳಕೆಯ ವಿದ್ಯುತ್ ಉಪಕರಣಗಳು. ಇನ್ನೊಂದರಲ್ಲಿ ಕಡಲ ದಂಡೆಗೆ ಬಂದು ಬಿದ್ದ ಬಾಟಲಿಯೊಳಗೆ ಒಬ್ಬಳು ಸಿಕ್ಕಿಕೊಂಡಿದ್ದಾಳೆ. ಅಂಕಣದ ಬರಹ ಆಕೆಗೆ ಹೊಂದಿಕೊಂಡು ಹೋಗಲು, ತನ್ನನ್ನು ತಾನು ತಿದ್ದಿಕೊಳ್ಳಲು ಬುದ್ಧಿ ಹೇಳುತ್ತಿದ್ದರೆ ಪಕ್ಕದ ಚಿತ್ರ ತಿದ್ದಬೇಕಾದದ್ದು ಬೇರೆಯೇ ಇದೆಯೆಂದು ನಗುತ್ತಿತ್ತು. ನಮ್ಮ ವಾರಪತ್ರಿಕೆಗಳ ಪ್ರಶ್ನೋತ್ತರ ಅಂಕಣ ಓದಿ ಬೆಳೆದವರಿಗೆ ಆ ಬುದ್ಧಿವಾದದ ದನಿ ಚೆನ್ನಾಗಿ ಗೊತ್ತು. ಇಲ್ಲಿ ಕನಸು ಒಬ್ಬಳದು, ಮುಖ ಇನ್ನೊಬ್ಬಳದು, ಕತ್ತರಿ ಮೂರನೆಯವಳದು. ಆದರೂ ಚಿತ್ರ ಯಾವುದೋ ಅಮೂರ್ತ 'ಸ್ತ್ರೀ'ಯದಾಗಿಲ್ಲ. ಬಾಟಲಿಯೊಳಗಿದ್ದರೂ ಆಕೆ ಆ ಕಾಲದ ಆ ನಗರದ ಪೇಟೆಯ ಉಡುಪು, ಪೇಟೆಯ ಕೇಶವಿನ್ಯಾಸದಲ್ಲೇ ಇದ್ದಾಳೆ. ಕೈಯಿಂದ ಕತ್ತರಿಸಿದ ಅಂಚು ಅಲ್ಲಲ್ಲಿ ಒರಟಾಗಿ ಕಾಣುತ್ತದೆ. ಸ್ಟೆರ್ನ್ ಅದನ್ನು ಮುಚ್ಚಲು ಹೋಗಿಲ್ಲ.

ಕಂಪ್ಯೂಟರು ಬಂದ ಮೇಲೆ ಆ ಅಂಚು ಮಾಯವಾಯಿತು. ಕಲಾವಿದೆ ನ್ಯಾನ್ಸಿ ಬರ್ಸನ್ 1982ರಲ್ಲಿ ಇಬ್ಬರು ತಂತ್ರಜ್ಞರ ನೆರವಿನಿಂದ ಬೆಟ್ಟೆ ಡೇವಿಸ್, ಆಡ್ರೆ ಹೆಪ್‌ಬರ್ನ್, ಗ್ರೇಸ್ ಕೆಲಿ, ಸೋಫಿಯಾ ಲೊರೆನ್, ಮರ್ಲಿನ್ ಮನ್ರೋ ಐವರ ಮುಖವನ್ನು ಒಂದಾಗಿ ಬೆರೆಸಿದಳು. ಬಂದ ಮುಖದಲ್ಲಿ ಯಾರೂ ಇಲ್ಲ. ಮುಂದಿನ ಪೀಳಿಗೆಯ ಐವರು ನಟಿಯರನ್ನು ಹೀಗೆಯೇ ಬೆರೆಸಿ ಪಕ್ಕದಲ್ಲಿಟ್ಟಳು. ಚೆಲುವಿನ ಅಳತೆಗೋಲು ಎರಡು ದಶಕದಲ್ಲಿ ಎಷ್ಟು ಸರಿದಿದೆಯೆಂದು ಲೆಕ್ಕ ಹಾಕಿ ತೋರಿಸಿದ ಹಾಗೆ. ಕೃತಿಯಾಗಿ ಇದು ಒಣ, ಸಾಕ್ಷ್ಯವಾಗಿ ಮಾತ್ರ ಬಲವಾದದ್ದು. ಫ್ರಾನ್ಸಿನ ಓರ್ಲಾನ್ 1990ರ ದಶಕದ ಮೊದಲ ವರ್ಷಗಳಲ್ಲಿ ಸ್ವಂತ ಮುಖಕ್ಕೇ ಶಸ್ತ್ರಚಿಕಿತ್ಸೆ ಮಾಡಿಸಿ ಅದನ್ನೇ ಕಲೆಯೆಂದು ಪ್ರದರ್ಶಿಸಿದ್ದವಳು. 1998ರಿಂದ ಚಾಕು ಬಿಟ್ಟು ಕಂಪ್ಯೂಟರಿಗೆ ಬಂದು, ಕೊಲಂಬಸ್ ಬರುವ ಮೊದಲಿನ ಅಮೆರಿಕದ ಶಿಲ್ಪಗಳಲ್ಲಿ ಚೆಲುವೆಂದು ಎಣಿಸಿದ್ದ ಉದ್ದ ತಲೆಬುರುಡೆ, ಮೆಳ್ಳೆಗಣ್ಣುಗಳನ್ನು ತನ್ನ ಮುಖದೊಡನೆ ಬೆಸೆದಳು. ನೋಡಲು ಹಿತವಲ್ಲ, ಹಿತವಾಗಬಾರದೆಂದೇ ಮಾಡಿದ್ದು.

ಇಂದಿನ ಹೂವು-ಹಕ್ಕಿ ಶೈಲಿಯ ಬೇರು ಹುಡುಕುವವರು ಮ್ಯಾಗಿ ಟೇಲರ್ ಹೆಸರು ಹೇಳುತ್ತಾರೆ. ಆಕೆಯ ಆಗಿನ ಪತಿ ಜೆರಿ ಯೂಲ್ಸ್‌ಮನ್ ಕತ್ತಲೆಕೋಣೆಯಲ್ಲಿ ಹಲವು ನೆಗೆಟಿವ್ ಬೆರೆಸುವುದರಲ್ಲಿ ಪ್ರಸಿದ್ಧ. ತೊಂಬತ್ತರ ದಶಕದ ನಡುವೆ ಫೋಟೊಶಾಪ್ ಮನೆಗೆ ಬಂದಾಗ ಯೂಲ್ಸ್‌ಮನ್ ಅದಕ್ಕೆ ಒಗ್ಗಲಿಲ್ಲ, ಟೇಲರ್ ಒಗ್ಗಿಕೊಂಡಳು. ಹತ್ತೊಂಬತ್ತನೇ ಶತಮಾನದ ತಗಡಿನ ಫೋಟೊಗಳನ್ನು ಹಳೇ ಸಾಮಾನಿನ ಸಂತೆಯಲ್ಲೂ ಆನ್‌ಲೈನ್ ಹರಾಜಿನಲ್ಲೂ ಕೊಂಡು, ಸ್ಕ್ಯಾನರ್ ಮೇಲಿಟ್ಟು, ಹತ್ತಾರು ಪದರಗಳಲ್ಲಿ ಹೊಸ ಲೋಕ ಕಟ್ಟುತ್ತಾಳೆ. 2004ರ ಒಂದು ಪ್ರಸಿದ್ಧ ಚಿತ್ರದಲ್ಲಿ ಹುಡುಗಿಯೊಬ್ಬಳ ಉಡುಪೇ ಜೇನುಹುಳುಗಳದು. ಟೇಲರಳನ್ನು ಅನುಕರಿಸುವವರು ಜೇನುಹುಳು ಮಾತ್ರ ತೆಗೆದುಕೊಂಡರು. ಆ ಹುಡುಗಿಯ ಬಿಗಿದ ಮುಖ ತೆಗೆದುಕೊಳ್ಳಲಿಲ್ಲ. ಆ ಕಾಲದಲ್ಲಿ ಕ್ಯಾಮೆರಾ ಮುಂದೆ ಸೆಕೆಂಡುಗಟ್ಟಲೆ ಅಲ್ಲಾಡದೆ ಕೂರಬೇಕಿತ್ತು; ನಗು ಅಷ್ಟು ಹೊತ್ತು ನಿಲ್ಲದು. ಆ ಬಿಗುವು ಟೇಲರಳ ಎಲ್ಲ ಮಾಯಾಜಾಲದ ನಡುವೆಯೂ ಕರಗದೆ ಉಳಿದು, 'ನನ್ನನ್ನು ಯಾಕೆ ಇಲ್ಲಿಗೆ ಎಳೆದಿರಿ' ಎಂದು ಕೇಳುವಂತಿರುತ್ತದೆ.

ಭಾರತದಲ್ಲಿ ಈ ಬಗೆಯ ಡಿಜಿಟಲ್ ಕೃತಿಗಳಲ್ಲಿ ಮೊದಲು ನೆನೆಯಬೇಕಾದದ್ದು ವಿವಾನ್ ಸುಂದರಂ ಅವರ 'ರೀ-ಟೇಕ್ ಆಫ್ ಅಮೃತಾ' ಸರಣಿ. ಕಾಲ 2001-02. ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಅವರ ತಂಗಿಯ ಮಗ ಸುಂದರಂ. ಅಜ್ಜ ಉಮ್ರಾವ್ ಸಿಂಗ್ ಶೇರ್‌ಗಿಲ್ ಸಂಸ್ಕೃತ ವಿದ್ವಾಂಸರು, ಛಾಯಾಗ್ರಹಣದ ಹುಚ್ಚಿದ್ದವರು. ಹೆಂಡತಿ ಹಂಗೇರಿಯ ಮಾರಿ ಆಂಟನೆಟ್, ಇಬ್ಬರು ಹೆಣ್ಣುಮಕ್ಕಳು, ಎಲ್ಲಕ್ಕಿಂತ ಹೆಚ್ಚಾಗಿ ತಮ್ಮನ್ನೇ ದಶಕಗಳ ಕಾಲ ಫೋಟೊ ತೆಗೆದಿದ್ದರು. ಮೊಮ್ಮಗ ಆ ಫೋಟೊಗಳನ್ನು ಫೋಟೊಶಾಪಿಗೆ ಹಾಕಿ ಬುಡಾಪೆಸ್ಟ್, ಪ್ಯಾರಿಸ್, ಶಿಮ್ಲಾಗಳನ್ನು ಒಂದೇ ಕೋಣೆಗೆ ತಂದರು. ಯುವಕನಾಗಿದ್ದ ಅಪ್ಪನೂ ಬೆಳೆದ ಮಗಳೂ ಸಮವಯಸ್ಕರಂತೆ ಪಕ್ಕಪಕ್ಕ ನಿಲ್ಲುತ್ತಾರೆ. ಕನ್ನಡಿಯಲ್ಲಿ ಬೇರೆ ವರ್ಷದ ಮುಖ ಕಾಣುತ್ತದೆ. ಬಣ್ಣವಿಲ್ಲ, ಎಲ್ಲ ಕಪ್ಪು-ಬಿಳುಪು. ಹೊಲಿಗೆ ಎಲ್ಲೂ ಕಾಣದು. ನಿಜವಾಗಿ ತೆಗೆದ ಫೋಟೊ ಎಂದೇ ಮೊದಲು ನಂಬುತ್ತೀರಿ, ಆಮೇಲೆ ವಯಸ್ಸಿನ ಲೆಕ್ಕ ತಪ್ಪುತ್ತದೆ.

ಈ ಸರಣಿಯ ಎದುರು ನಿಂತಾಗಲೆಲ್ಲ ಮೆಚ್ಚುಗೆಯ ಜೊತೆ ಒಂದು ಇರಿಸುಮುರಿಸು. 1941ರ ಡಿಸೆಂಬರಿನಲ್ಲಿ ಲಾಹೋರಿನಲ್ಲಿ 28ನೇ ವಯಸ್ಸಿಗೇ ತೀರಿಕೊಂಡ ಹೆಣ್ಣು ಇಲ್ಲಿ ಮೊದಲು ಅಪ್ಪನ ಕ್ಯಾಮೆರಾಕ್ಕೆ ನಿಂತು, ಅರವತ್ತು ವರ್ಷದ ಮೇಲೆ ತಂಗಿಯ ಮಗನ ಮೌಸಿಗೆ ಸಿಕ್ಕಿದ್ದಾಳೆ. ಅಮೃತಾ ತನ್ನ ಒಳಗನ್ನು ತಾನೇ ಹೇಳಲಾಗದವಳೇನಲ್ಲ. 1934ರಲ್ಲಿ ತಾಹಿತಿಯ ಹೆಣ್ಣಾಗಿ ತನ್ನನ್ನು ತಾನೇ ಬರೆದುಕೊಂಡ ಎಣ್ಣೆಬಣ್ಣದ ಚಿತ್ರವಿದೆ. ಅದರ ಮುಂದೆ ಅಪ್ಪ ತೆಗೆದ ನಗುಮುಖದ ಫೋಟೊಗಳೆಲ್ಲ ಹಗುರ. ಸುಂದರಂ ಜಾಣರು, ಅಂತರಂಗ ತೋರಿಸುತ್ತೇನೆಂಬ ಗೊಡವೆಗೆ ಹೋಗದೆ ಒಂದು ಮನೆಯೊಳಗಿನ ನೋಟಗಳ ಜಾಲವನ್ನಷ್ಟೇ ಬಿಚ್ಚಿದರು. ಯಾರು ಯಾರನ್ನು ಹೇಗೆ ನೋಡಿದರು, ಯಾರು ಯಾರಿಗಾಗಿ ಸಿಂಗರಿಸಿಕೊಂಡರು ಎಂಬುದು. ಆ ಮಟ್ಟಿಗೆ ಅದು ಪ್ರಾಮಾಣಿಕ ಕೃತಿ.

ತನ್ನ ಮೈಯನ್ನೇ ಸಾಮಗ್ರಿಯಾಗಿಸಿ ಇದೇ ಪ್ರಶ್ನೆಯನ್ನು ಮಗ್ಗುಲು ಬದಲಿಸಿ ಕೇಳಿದವರು ಬೆಂಗಳೂರಿನ ಎನ್. ಪುಷ್ಪಮಾಲಾ. ಶಿಲ್ಪಿಯಾಗಿ ಶುರುಮಾಡಿ ತೊಂಬತ್ತರ ದಶಕದಲ್ಲಿ ಕ್ಯಾಮೆರಾ ಮುಂದೆ ತಾವೇ ವೇಷ ಕಟ್ಟಿ ನಿಲ್ಲತೊಡಗಿದರು. 1998ರ 'ಸುನೆಹರೇ ಸಪ್ನೇ' ಸರಣಿಯಲ್ಲಿ ಒಬ್ಬ ಮಧ್ಯಮವರ್ಗದ ಗೃಹಿಣಿ, ಮತ್ತೆ ಆಕೆಯ ಹಗಲುಗನಸಿನ ಇನ್ನೊಬ್ಬ ತಾನು, ಚಿನ್ನದ ಬಣ್ಣದ ಫ್ರಾಕು ತೊಟ್ಟು ಕೂದಲುಬ್ಬಿಸಿ ಬಾಚಿದವಳು. ಇಬ್ಬರೂ ಪುಷ್ಪಮಾಲಾರೇ. ಕಪ್ಪು-ಬಿಳುಪು ಫೋಟೊಗಳಿಗೆ ಹಳೆಯ ಸ್ಟುಡಿಯೋ ಕ್ರಮದಲ್ಲಿ ಕೈಯಿಂದ ಬಣ್ಣ ಹಾಕಿಸಿದ್ದಾರೆ. ಒಳಗಿನ ಹೆಣ್ಣೆಂದರೆ ಏನೋ ಆಳವಾದ, ಪವಿತ್ರವಾದ ವಸ್ತುವೆಂಬ ಭ್ರಮೆ ಇಲ್ಲಿಲ್ಲ. ಆಕೆಯ ಅಂತರಂಗ ತುಂಬಿರುವುದು ಹಿಂದಿ ಸಿನಿಮಾದಿಂದ. ನಮ್ಮಲ್ಲಿ ಎಷ್ಟೋ ಜನರದ್ದೂ ಹಾಗೆಯೇ ತಾನೇ. ಒಳಗೆ ಇಣುಕಿದರೆ ಅಲ್ಲೊಂದು ಪೋಸ್ಟರ್ ಸಿಗುತ್ತದೆ ಎಂದು ಹೇಳುವ ಧೈರ್ಯ ಹೂವು-ಹಕ್ಕಿಯವರಿಗಿಲ್ಲ.

2000ದಿಂದ 2004ರವರೆಗೆ ಕ್ಲೇರ್ ಆರ್ನಿ ಜೊತೆ ಮಾಡಿದ 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ' ಇನ್ನೂ ದೊಡ್ಡದು. ರವಿವರ್ಮನ ಲಕ್ಷ್ಮಿ, ಬೆಳದಿಂಗಳಲ್ಲಿ ಕುಳಿತವಳು, ವೇಲಾಂಕಣಿ ಮಾತೆ, ದಖನಿ ಚಿತ್ರಶೈಲಿಯ ಯೋಗಿನಿ, ಚಾವಟಿ ಹಿಡಿದ ಸಿನಿಮಾ ನಾಯಕಿ, ಮಾನವಶಾಸ್ತ್ರಜ್ಞರ ಅಳತೆಯ ಚೌಕುಳಿ ಪರದೆಯ ಮುಂದೆ ನಿಲ್ಲಿಸಿದ ತೋಡ ಹೆಂಗಸು. ದಕ್ಷಿಣದ ಹೆಣ್ಣನ್ನು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಜನ ಹೇಗೆ ಚಿತ್ರಿಸಿದರೋ ಅಷ್ಟೂ ಚೌಕಟ್ಟಿನೊಳಗೆ ಒಬ್ಬಳೇ ಹೆಂಗಸು ಹೋಗಿ ನಿಲ್ಲುತ್ತಾಳೆ. ಸೆಟ್ಟು, ಪರದೆ, ಕಿರೀಟ ಎಲ್ಲ ನಿಜವಾಗಿ ಕಟ್ಟಿದ್ದು, ಕಂಪ್ಯೂಟರಿನಲ್ಲಿ ಬೆರೆಸಿದ್ದಲ್ಲ. ಲಕ್ಷ್ಮಿಯ ಚಿತ್ರವನ್ನು ಹತ್ತಿರ ಹೋಗಿ ನೋಡಿ. ಕ್ಯಾಲೆಂಡರಿನ ಲಕ್ಷ್ಮಿಗೆ ಇಲ್ಲದ ಭಾರ ಈ ಲಕ್ಷ್ಮಿಯ ಮೈಗಿದೆ. ಹಿನ್ನೆಲೆ ಬಟ್ಟೆಯೆಂದು ಗೊತ್ತಾಗುತ್ತದೆ. ಮುಖದಲ್ಲಿ ದೇವಿಯ ಪ್ರಸನ್ನತೆಯ ಬದಲು ಹೊತ್ತು ನೋಡುತ್ತಿರುವ ಒಬ್ಬ ಕಲಾವಿದೆಯ ನಿಗಾ ಇದೆ. ಡಿಜಿಟಲ್ ಕಲೆಯ ಸಮೀಕ್ಷೆಯಲ್ಲಿ ಇದಕ್ಕೇನು ಕೆಲಸವೆಂದು ಯಾರಾದರೂ ಕೇಳಬಹುದು. ಡಿಜಿಟಲ್ ಕಲೆ ಕಲಿಯಬೇಕಾದ ಪಾಠ ಹೆಚ್ಚಾಗಿ ಇಲ್ಲೇ ಇರುವುದರಿಂದ ಬಿಡಲಾಗಲಿಲ್ಲ.

ಭಾರತದಾಚೆಗೆ ಬಂದರೆ, ಇರಾನಿನ ಶಿರೀನ್ ನೆಶಾತ್ 1993-97ರಲ್ಲಿ ಮಾಡಿದ 'ವಿಮೆನ್ ಆಫ್ ಅಲ್ಲಾ' ಫೋಟೊಗಳ ಮೇಲೆ ಶಾಯಿಯಲ್ಲಿ ಪರ್ಷಿಯನ್ ಕವಯಿತ್ರಿಯರ ಸಾಲುಗಳನ್ನು ಬರೆದಳು. ಲಿಪಿ ಬಾರದವರು ಅದನ್ನು ಧರ್ಮಗ್ರಂಥವೆಂದೋ ಬರೀ ಅಲಂಕಾರವೆಂದೋ ತಿಳಿಯುತ್ತಾರೆ. ಕಲಾವಿದೆ ಸಿಂಡಿ ಶರ್ಮನ್ 2017ರಿಂದ ಮುಖ ಚೆಂದಗಾಣಿಸುವ ಮೊಬೈಲ್ ಆ್ಯಪ್‌ಗಳನ್ನೇ ಮಿತಿಮೀರಿ ಎಳೆದು ತನ್ನ ಮುಖವನ್ನು ವಿಕಾರ ಮಾಡಿಕೊಂಡು ಇನ್‌ಸ್ಟಾಗ್ರಾಮಿಗೆ ಹಾಕತೊಡಗಿದಳು. ತಮಾಷೆ ಚೆನ್ನಾಗಿದೆ, ಬೇಗ ಮುಗಿದೂ ಹೋಗುತ್ತದೆ.

ಐವರಿ ಕೋಸ್ಟ್‌ನ ಜೊಆನಾ ಶೂಮಾಲಿ ಹಿಡಿದ ದಾರಿ ನನಗೆ ಹೆಚ್ಚು ಪ್ರಿಯ. 2016ರ ಮಾರ್ಚಿನಲ್ಲಿ ಗ್ರಾಂ-ಬಾಸಾಮ್ ಊರಿನ ಕಡಲತೀರದಲ್ಲಿ ಭಯೋತ್ಪಾದಕ ದಾಳಿಯಾಯಿತು. ಕೆಲವೇ ವಾರಗಳ ನಂತರ ಅಲ್ಲಿಗೆ ಹೋದ ಆಕೆ ಬೀದಿಯಲ್ಲಿ ಒಬ್ಬೊಬ್ಬರೇ ನಡೆದುಹೋಗುವವರ ಫೋಟೊಗಳನ್ನು ಮೊಬೈಲಿನಲ್ಲಿ ತೆಗೆದಳು. ಅವುಗಳನ್ನು ಬಟ್ಟೆಯ ಮೇಲೆ ಅಚ್ಚು ಹಾಕಿಸಿ ಬಣ್ಣದ ದಾರದಿಂದ ಕಸೂತಿ ಹಾಕುತ್ತ ಕೂತಳು. ಒಂದೊಂದು ಚಿತ್ರಕ್ಕೂ ದಿನಗಟ್ಟಲೆ. ನೋವನ್ನು ಬಾಯಿಬಿಟ್ಟು ಹೇಳದ ಊರು, ಕೇಳಿದರೆ 'ಎಲ್ಲ ಸರಿಹೋಗುತ್ತೆ' ಅನ್ನುವ ಜನ. ಸರಣಿಯ ಹೆಸರಿನ ಅರ್ಥವೂ ಅದೇ. 2019ರಲ್ಲಿ ಆಕೆಗೆ ಪ್ರಿ ಪಿಕ್ಟೆ ಪ್ರಶಸ್ತಿ ಬಂತು, ಆಫ್ರಿಕಾದಿಂದ ಅದನ್ನು ಪಡೆದ ಮೊದಲಿಗಳು. ಅಲ್ಲಿ ತಿದ್ದುವ ಕೈಗೆ ಅವಸರವಿಲ್ಲ. ಸೂಜಿ ಚುಚ್ಚಿದ ಕಡೆ ಫೋಟೊಕ್ಕೆ ನಿಜವಾಗಿ ತೂತು ಬೀಳುತ್ತದೆ, ಅನ್‌ಡೂ ಮಾಡಲು ಬರುವುದಿಲ್ಲ.

ಗ್ಯಾಲರಿಗಳ ಮಾತು ಇಷ್ಟಾಯಿತು. ಹೆಂಗಸರ ಫೋಟೊ ಅತಿ ಹೆಚ್ಚು ತಿದ್ದಿಸಿಕೊಳ್ಳುವುದು ಗ್ಯಾಲರಿಯಲ್ಲಲ್ಲ, ನಮ್ಮ ತಾಲ್ಲೂಕು ಪಟ್ಟಣಗಳ ಬಸ್‌ಸ್ಟ್ಯಾಂಡ್ ಪಕ್ಕದ ಸ್ಟುಡಿಯೋಗಳಲ್ಲಿ. ಹಿಂದೆ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮೊಡವೆ ಮುಚ್ಚುತ್ತಿದ್ದವರು ಈಗ ಮೌಸ್ ಹಿಡಿದಿದ್ದಾರೆ. ಗಂಡಿನ ಕಡೆಗೆ ಕಳಿಸುವ ಫೋಟೊ ಆದರೆ 'ಸ್ವಲ್ಪ ಬೆಳ್ಳಗೆ ಮಾಡಿ' ಎಂದು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ, ಅದು ಕೂಲಿಯಲ್ಲೇ ಸೇರಿದೆ. ಕೊಡಾಕ್ ಕಂಪನಿ ಬಣ್ಣ ಹೊಂದಿಸಲು ಲ್ಯಾಬುಗಳಿಗೆ ಕಳಿಸುತ್ತಿದ್ದ 'ಶರ್ಲಿ ಕಾರ್ಡ್' ಮೇಲೆ ದಶಕಗಳ ಕಾಲ ಬಿಳಿಯ ಹೆಂಗಸಿನ ಮುಖವೇ ಇತ್ತು. ನಮ್ಮ ಮೈಬಣ್ಣ ಸರಿಯಾಗಿ ಬಾರದಿದ್ದುದಕ್ಕೆ ಫಿಲ್ಮೂ ಕಾರಣವೆಂದು ಆಗ ನಮ್ಮಲ್ಲಿ ಹೆಚ್ಚಿನವರಿಗೆ ಹೊಳೆಯಲಿಲ್ಲ. ಮದುವೆಯ ಕರಿಜ್ಮಾ ಆಲ್ಬಮ್‌ಗೆ ಸಿದ್ಧ ಪಿಎಸ್‌ಡಿ ಫೈಲುಗಳಿವೆ: ಚಂದ್ರನೊಳಗೆ ಮದುಮಗಳು, ತಾವರೆಯೊಳಗೆ ಮದುಮಗಳು. ಕಲಾವಿದರ ಹೂವು-ಹಕ್ಕಿಗೂ ಇದಕ್ಕೂ ಇರುವ ದೂರ ಕಲಾವಿದರು ಭಾವಿಸಿದಷ್ಟಿಲ್ಲ.

ಇಲ್ಲಿನ ಇನ್ನೊಂದು ಬಗೆಯ ಕೆಲಸ ಮಾತ್ರ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ತಾಯಿ ತೀರಿಕೊಂಡಿರುತ್ತಾರೆ. ತಿಥಿಗೆ ಗೋಡೆಗೆ ಹಾಕಲು ದೊಡ್ಡ ಫೋಟೊ ಬೇಕು. ಬದುಕಿದ್ದಾಗ ಒಬ್ಬರೇ ಕೂತು ತೆಗೆಸಿಕೊಂಡದ್ದು ಒಂದೂ ಇಲ್ಲ. ಯಾರದೋ ಮದುವೆಯ ಗುಂಪಿನಲ್ಲಿ ಹಿಂದಿನ ಸಾಲಿನಲ್ಲಿ, ಅರ್ಧ ಭುಜ ಇನ್ನೊಬ್ಬರ ಹಿಂದೆ ಮರೆಯಾಗಿ ನಿಂತ ಒಂದು ಸಿಗುತ್ತದೆ, ಇಲ್ಲವೇ ಆಧಾರ್ ಕಾರ್ಡಿನದು. ಸ್ಟುಡಿಯೋದ ಹುಡುಗ ಅದರಿಂದ ಮುಖವನ್ನು ಬಿಡಿಸಿ, ಇಲ್ಲದ ಭುಜ ಹೊಂದಿಸಿ, ರೇಷ್ಮೆ ಸೀರೆ ಉಡಿಸಿ, ಕಿವಿಗೆ ಓಲೆ ಇಟ್ಟು, ಹಿಂದೆ ನೀಲಿ ಬಣ್ಣ ತುಂಬುತ್ತಾನೆ. ಕುಂಕುಮದ ವಿಷಯಕ್ಕೆ ಬಂದಾಗ ಕೌಂಟರಿನ ಮುಂದೆ ಸಣ್ಣ ಚರ್ಚೆ. ಯಜಮಾನರು ಮೊದಲೇ ಹೋಗಿದ್ದರೆ ಹಣೆ ಖಾಲಿ ಇರಬೇಕೆಂದು ದೊಡ್ಡವರು ಅನ್ನುತ್ತಾರೆ. ಇಡಿ ಅಣ್ಣ, ಅಮ್ಮ ಇಟ್ಟುಕೊಳ್ಳೋರು ಎಂದು ಮಗಳು ಅನ್ನಬಹುದು. ಎರಡು ಕ್ಲಿಕ್ಕಿನ ಕೆಲಸ. ಹೆಣ್ತನ ಅನ್ನುವುದು ಆಕೆಯ ಒಳಗಿತ್ತೋ, ಮನೆಯವರ ಬಾಯಲ್ಲಿತ್ತೋ ಎಂಬ ಪ್ರಶ್ನೆ ಇಷ್ಟು ನೇರವಾಗಿ ಯಾವ ಬಿನಾಲೆಯಲ್ಲೂ ಏಳುವುದನ್ನು ನಾನು ಕಂಡಿಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಕಲೆ ಮತ್ತು ಛಾಯಾಗ್ರಹಣದ ವಸ್ತುಸಂಗ್ರಹಾಲಯ ತನ್ನ ಮೊದಲ ಪ್ರದರ್ಶನಗಳಲ್ಲಿ ಒಂದನ್ನು ಕಲೆಯಲ್ಲಿ ಹೆಣ್ಣು ಹೇಗೆ ಕಂಡಿದ್ದಾಳೆ, ಹೇಗೆ ಕಾಣದೆ ಹೋಗಿದ್ದಾಳೆ ಎಂಬುದಕ್ಕೇ ಮೀಸಲಿಟ್ಟಿತು. ಗೋಡೆಗೆ ಹಾಕುವ ಈ ಫೋಟೊಗಳಿಗೂ ಅಂಥ ಕಡೆ ಒಂದು ಕೋಣೆ ಸಿಗಬೇಕು.

ಇದೇ ಸಲಕರಣೆಯ ಕ್ರೂರ ಮುಖ ನಮಗೆಲ್ಲ ಗೊತ್ತಿರುವುದೇ. 2022ರ ಹೊಸ ವರ್ಷದ ದಿನ ಮುಸ್ಲಿಂ ಮಹಿಳೆಯರ ಫೋಟೊಗಳನ್ನು ಕದ್ದು 'ಹರಾಜಿ'ಗಿಟ್ಟ ಬುಲ್ಲಿ ಬಾಯಿ ಆ್ಯಪ್ ಬಯಲಾಯಿತು. 2023ರ ನವೆಂಬರಿನಲ್ಲಿ ನಮ್ಮ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬರ ವಿಡಿಯೊಗೆ ಅಂಟಿಸಿ ಹರಡಿದರು. ಮುಖ ಯಾರದೆಂದು ದೇಶವೆಲ್ಲ ಮಾತಾಡಿತು, ಮೈ ಯಾರದಿತ್ತೋ ಆ ಹೆಂಗಸಿನ ಬಗ್ಗೆ ಮಾತಾಡಿದವರು ಕಡಿಮೆ. ಪದರ, ಮಾಸ್ಕ್, ಬೆರಕೆ, ಕಲಾವಿದೆ ಬಳಸುವ ಕ್ರಿಯೆಗಳೇ ಇವೆಲ್ಲ. ಹಾಗಾಗಿ 'ಫೋಟೊ ತಿದ್ದುವುದು ಹೆಣ್ಣಿಗೆ ಬಿಡುಗಡೆ' ಎಂಬ ಪ್ರದರ್ಶನ ಪುಸ್ತಿಕೆಗಳ ಮಾತು ಓದಿದಾಗ ನನಗೆ ಸುಲಭವಾಗಿ ಗಂಟಲಲ್ಲಿ ಇಳಿಯುವುದಿಲ್ಲ.

ಈಗಂತೂ ಮೂಲ ಫೋಟೊವೇ ಬೇಕಿಲ್ಲ. ಜರ್ಮನಿಯ ಬೋರಿಸ್ ಎಲ್ಡಾಗ್ಸೆನ್ 2023ರಲ್ಲಿ ಸೋನಿ ವಿಶ್ವ ಛಾಯಾಗ್ರಹಣ ಸ್ಪರ್ಧೆಯಲ್ಲಿ ಬಹುಮಾನ ಗೆದ್ದು, ಅದು ಎಐ ಮಾಡಿದ ಚಿತ್ರವೆಂದು ಹೇಳಿ ಬಹುಮಾನ ಬೇಡವೆಂದ. ಆ ಚಿತ್ರದಲ್ಲಿದ್ದದ್ದು ಎರಡು ತಲೆಮಾರಿನ ಇಬ್ಬರು ಹೆಂಗಸರು, ಹಳೇ ಕಪ್ಪು-ಬಿಳುಪು ಫೋಟೊದ ಹಾಗೆ. ಹಿಂದೆ ನಿಂತವಳ ಕಣ್ಣಲ್ಲಿ ಆಳವಾದ ಏನೋ ಇದೆ ಎಂದು ನೋಡಿದವರಿಗೆ ಅನ್ನಿಸಿತು. ಆ ಆಳ ಯಾರದ್ದೂ ಅಲ್ಲ. ಬರ್ಸನ್ ಐದು ಮುಖ ಬೆರೆಸಿದಾಗ ಆ ಐವರ ಹೆಸರಾದರೂ ಪಕ್ಕದಲ್ಲಿತ್ತು. ಇಲ್ಲಿ ಲೆಕ್ಕಕ್ಕೆ ಸಿಗದಷ್ಟು ಮುಖಗಳು ಒಳಗೆ ಹೋಗಿವೆ, ಒಬ್ಬರ ಹೆಸರೂ ಹೊರಗೆ ಬಂದಿಲ್ಲ.

ಹಾಗಾಗಿ ತಮ್ಮದೇ ಮುಖವನ್ನು ಮೊಬೈಲಿನಲ್ಲಿ ತೆಗೆದು ತಾವೇ ತಿದ್ದಿ ಈ ಕಲೆ ಮಾಡುವ ಹುಡುಗಿಯರನ್ನು ಕಂಡಾಗ ನಾನು ಕೇಳುವುದು ಒಂದು ಸಣ್ಣ ಉಪಕಾರ. ಕೆಲಸ ಮುಗಿದ ಮೇಲೆ ಎಲ್ಲ ಪದರ ಒತ್ತಿ ಒಂದು ಜೆಪಿಇಜಿ ಮಾಡಿ ಮೂಲವನ್ನು ಅಳಿಸಿಬಿಡಬೇಡಿ. ಪ್ರದರ್ಶನದಲ್ಲಿ ತಿದ್ದುವ ಮೊದಲಿನ ಫೋಟೊವನ್ನೂ, ಸಣ್ಣದಾಗಿಯಾದರೂ, ಪಕ್ಕದಲ್ಲಿ ತೂಗುಹಾಕಿ. ಉಮ್ರಾವ್ ಸಿಂಗರ ಫೋಟೊಗಳು ಉಳಿದದ್ದರಿಂದಲೇ ಸುಂದರಂ ಏನು ಮಾಡಿದರೆಂದು ನಮಗೆ ಅಳೆಯಲು ಸಾಧ್ಯವಾಗಿದೆ. ಪುಷ್ಪಮಾಲಾರಿಗೆ ಆ ಕಷ್ಟವಿರಲಿಲ್ಲ. ರವಿವರ್ಮನ ಲಕ್ಷ್ಮಿ ಎಲ್ಲರ ಮನೆಯ ಗೋಡೆಯ ಮೇಲೂ ಮೊದಲೇ ಇದ್ದಳು.